ಕೈ ಎತ್ತಲಾಗದ ಹಂಸಗಳು

ಶ್ರೀರಂಗಪಟ್ಟಣದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಅಂಗಡಿ ಎಂದರೆ ದೊಡ್ಡದೇನಲ್ಲ. ಮನೆಯ ಮುಂದಿನ ಕೋಣೆ, ಎರಡು ಮಿಷನ್ನು, ಒಂದು ನಿಲುವುಗನ್ನಡಿ. ರವಿಕೆ, ಲಂಗ, ಸೀರೆಗೆ ಫಾಲ್ಸ್ ಹಚ್ಚುವುದು ನಿತ್ಯದ ಕೆಲಸ. ದಸರೆಯೋ ಶಾಲೆಗಳ ವಾರ್ಷಿಕೋತ್ಸವವೋ ಹತ್ತಿರವಾದರೆ ಮಕ್ಕಳ ನೃತ್ಯದ ಉಡುಪು. ಮೂವತ್ತು ವರ್ಷ ಸೂಜಿ ಹಿಡಿದವಳಿಗೆ ಬಟ್ಟೆಯ ವಿಷಯದಲ್ಲಿ ನಾಲ್ಕು ಮಾತಾಡುವ ಹಕ್ಕು ಬಂದಿದೆ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ. ಯಾರಿಗಾದರೂ ಚುಚ್ಚಿದರೆ ಅದು ಸೂಜಿಯ ಸ್ವಭಾವ ಎಂದು ಕ್ಷಮಿಸಿಬಿಡಿ.

ಹೋದ ವರ್ಷದ ಚಳಿಗಾಲದಲ್ಲಿ ನಮ್ಮಲ್ಲೊಂದು ಕಾರ್ಯಕ್ರಮವಾಯಿತು. ನಡೆಸಿದವರ ಹೆಸರು ಬೇಡ. ಇಂಥವರು ಈಗ ಎಲ್ಲ ಊರಲ್ಲೂ ಇದ್ದಾರೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಮತ್ತು ನಮ್ಮೂರಿನ ಇಪ್ಪತ್ತೆರಡು ಹುಡುಗಿಯರನ್ನು ಸೇರಿಸಿ ಬ್ಯಾಲೆ ಕಲಿಸಿದರು. ರಷ್ಯಾದ ಚೈಕೋವ್‌ಸ್ಕಿಯ ‘ಸ್ವಾನ್ ಲೇಕ್’ ಸಂಗೀತಕ್ಕೆ ನಮ್ಮ ಮಕ್ಕಳ ಕುಣಿತ. ಕರಪತ್ರದಲ್ಲಿ ಚೈಕೋವ್‌ಸ್ಕಿಯ ಹೆಸರು ಇರುವೆ ಸಾಲಿನಷ್ಟು ಸಣ್ಣದು. ‘ಬೆಂಗಳೂರಿನ ಡಿಸೈನರ್ ಅವರಿಂದ ಓತ್ ಕುತೂರ್ ಉಡುಪುಗಳು’ ಎಂಬುದು ಮಾತ್ರ ಮದುವೆ ಪತ್ರಿಕೆಯ ಹಾಗೆ ಬಂಗಾರದ ಅಕ್ಷರದಲ್ಲಿ ಮಿರಮಿರ ಮಿಂಚುತ್ತಿತ್ತು. ಉಡುಪಿಗೆ ತಲೆಗೆ 7,500 ರೂಪಾಯಿ.

ಈ ಓತ್ ಕುತೂರ್ ಎಂದರೇನು? 1858ರಲ್ಲಿ ಚಾರ್ಲ್ಸ್ ವರ್ತ್ ಎಂಬ ಇಂಗ್ಲೆಂಡಿನವನು ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದು ಶುರುಮಾಡಿದ ಪದ್ಧತಿ ಎನ್ನುತ್ತಾರೆ. ಒಬ್ಬಳಿಗಾಗಿಯೇ, ಅವಳ ಅಳತೆಗೇ ಕತ್ತರಿಸಿ, ಮತ್ತೆ ಮತ್ತೆ ತೊಡಿಸಿ ನೋಡಿ, ಬಹುಪಾಲು ಕೈಯಲ್ಲೇ ಹೊಲಿದ ಉಡುಪು ಅದು. ಹಾಗೆ ನೋಡಿದರೆ, ಅಳತೆ ಕೊಟ್ಟು ರವಿಕೆ ಹೊಲಿಸಿಕೊಂಡು, ‘ಕಂಕುಳಲ್ಲಿ ಬಿಗಿ, ಸ್ವಲ್ಪ ಬಿಚ್ಚಿಕೊಡಿ’ ಎಂದು ಎರಡು ಸಲ ವಾಪಸು ತರುವ ನೀವೆಲ್ಲ ಓತ್ ಕುತೂರ್ ತೊಡುವವರೇ. ಬೆಂಗಳೂರಿನಿಂದ ಬಂದದ್ದು ಏನು ಗೊತ್ತೆ? ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರು ಅಳತೆಯಲ್ಲಿ ಕತ್ತರಿಸಿದ ಇಪ್ಪತ್ತೆರಡು ಬಿಳಿ ಗೌನು. ಒಂದು ಮಗುವಿನ ಮೈಯನ್ನೂ ಯಾರೂ ಅಳೆದಿರಲಿಲ್ಲ.

ಕಾರ್ಯಕ್ರಮಕ್ಕೆ ಎರಡು ದಿನ ಮುಂಚೆ ಆ ಗೌನುಗಳು ನನ್ನ ಕೋಣೆಗೆ ಬಂದವು. ಅಂಚು ಮಡಿಸಿಕೊಡಬೇಕು, ಒಂದಕ್ಕೆ 80 ರೂಪಾಯಿ. ತಿರುವಿ ನೋಡಿದೆ. ಎದೆಯ ಭಾಗಕ್ಕೆ ತಂತಿ, ತೋಳಿನ ತುಂಬ ಮಣಿ, ಸೊಂಟದ ಕೆಳಗೆ ಐದು ಪದರ ಜಾಲರಿ. ಕಂಕುಳ ಸುತ್ತನ್ನು ನಾಲ್ಕು ಬೆರಳು ಕೆಳಗೆ ಇಳಿಸಿ ಕತ್ತರಿಸಿದ್ದರು.

ಹೊಲಿಗೆ ಗೊತ್ತಿರುವವರಿಗೆ ಇಷ್ಟು ಹೇಳಿದರೆ ಸಾಕು. ಕಂಕುಳು ಇಳಿದಷ್ಟೂ ತೋಳು ಮೇಲೇಳುವುದಿಲ್ಲ. ಎತ್ತಿದರೆ ಇಡೀ ಉಡುಪು ಮೇಲಕ್ಕೆ ಜಗ್ಗುತ್ತದೆ. ಕುಣಿಯುವವರ ಉಡುಪಿಗೆ ಕಂಕುಳನ್ನು ಮೇಲಿಟ್ಟು, ಅಲ್ಲಿ ವಜ್ರಾಕಾರದ ಒಂದು ಚೂರು ಬಟ್ಟೆ ಕೂಡಿಸಬೇಕು. ನಮ್ಮ ಅಜ್ಜಂದಿರ ಜುಬ್ಬಕ್ಕೂ ಆ ಚೂರು ಇರುತ್ತಿತ್ತು. ಬ್ಯಾಲೆ ಉಡುಪು ಹೊಲಿಯುವವರೂ ಇದನ್ನೇ ಮಾಡುತ್ತಾರೆ. ಅಂಗೈಯಗಲದ ಬಟ್ಟೆ, ಹತ್ತು ನಿಮಿಷದ ಕೆಲಸ. 7,500 ರೂಪಾಯಿಯಲ್ಲಿ ಅದೊಂದು ಇರಲಿಲ್ಲ.

‘ಸ್ವಾನ್ ಲೇಕ್’ ಎಂದರೆ ಶಾಪದಿಂದ ಹಂಸವಾದ ಹುಡುಗಿಯ ಕಥೆ. 1877ರಲ್ಲಿ ಮಾಸ್ಕೋದಲ್ಲಿ ಮೊದಲು ರಂಗಕ್ಕೆ ಬಂತು. 1895ರಲ್ಲಿ ಪೆಟಿಪಾ, ಇವಾನೊವ್ ಎಂಬಿಬ್ಬರು ಹೊಸದಾಗಿ ಸಂಯೋಜಿಸಿದ ಮೇಲೆ ಲೋಕಪ್ರಸಿದ್ಧವಾಯಿತು. ಅದರಲ್ಲಿ ಹಂಸ ಇರುವುದು ಬಟ್ಟೆಯಲ್ಲಲ್ಲ, ತೋಳಿನಲ್ಲಿ. ಭುಜದಿಂದ ಬೆರಳ ತುದಿಯವರೆಗೆ ತೋಳು ಅಲೆಯಾಗಿ ಏಳಬೇಕು, ಆಗಲೇ ರೆಕ್ಕೆ. ನಮ್ಮ ಹುಡುಗಿಯರು ಭಾನುವಾರ ಭಾನುವಾರ ಮೂರು ತಿಂಗಳು ಅದನ್ನೇ ಅಭ್ಯಾಸ ಮಾಡಿದ್ದರು, ಚೂಡಿದಾರದಲ್ಲಿ. ರಂಗದ ಮೇಲೆ ಗೌನು ತೊಟ್ಟು ನಿಂತಾಗ ಒಬ್ಬಳಿಗೂ ಕೈ ಕಿವಿಯ ಮಟ್ಟ ದಾಟಲಿಲ್ಲ. ಜಾಲರಿಗೆ ಕಾಲು ಸಿಕ್ಕಿ ಒಬ್ಬಳು ಮಂಡಿಯೂರಿದಳು. ಚಪ್ಪಾಳೆ ಮಾತ್ರ ಜೋರಾಗಿಯೇ ಬಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು, ‘ಎಷ್ಟು ರಿಚ್ಚಾಗಿ ಕಾಣ್ತಾರೆ ನೋಡ್ರೀ’ ಎಂದರು. ‘ಎಷ್ಟು ಚೆನ್ನಾಗಿ ಕುಣಿದರು’ ಎನ್ನಲಿಲ್ಲ.

ರಂಗದ ಮೇಲಿದ್ದವರು ಇಪ್ಪತ್ತೊಂದು ಮಂದಿ. ಇಪ್ಪತ್ತೆರಡನೆಯವಳು ನಾಗಮಂಗಲದ ಕಡೆಯ ಹುಡುಗಿ. ಎರಡು ಬಸ್ಸು ಬದಲಿಸಿ ಅಭ್ಯಾಸಕ್ಕೆ ಬರುತ್ತಿದ್ದಳು. ತಾಯಿ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವರು. ಗೌನಿನ ದುಡ್ಡು ಹೊಂದಿಸಲಾಗಲಿಲ್ಲ. ‘ಬಿಳಿ ಬಟ್ಟೆ ತಂದುಕೊಡ್ತೀನಿ, ಅಕ್ಕ ಹೊಲಿದುಕೊಡ್ತಾರೆ, ಅವಳೊಬ್ಬಳು ಹಿಂದಿನ ಸಾಲಲ್ಲಿ ನಿಂತರೂ ಸರಿ’ ಎಂದು ನನ್ನೆದುರೇ ಕೇಳಿಕೊಂಡರು. ‘ಫೋಟೋದಲ್ಲಿ ಬೇರೆ ಕಾಣುತ್ತೆ ಕಣಮ್ಮ’ ಎಂಬ ಉತ್ತರ ಬಂತು. ನಾನು ಬಾಯಿ ಬಿಡಲಿಲ್ಲ. ಗೌನುಗಳ ರಾಶಿ ನನ್ನ ಮುಂದಿತ್ತು, ಕೂಲಿ ಇನ್ನೂ ಕೈಗೆ ಬಂದಿರಲಿಲ್ಲ. ಈ ಬರಹದಲ್ಲಿ ಬೈಗುಳವಿದ್ದರೆ ಅದರಲ್ಲಿ ನನ್ನ ಪಾಲೂ ಇದೆ.

ಪಾಶ್ಚಾತ್ಯ ಸಂಗೀತದ ಮೇಲೆ ನನಗೆ ಮುನಿಸಿಲ್ಲ. ನಮ್ಮ ಜಯಚಾಮರಾಜ ಒಡೆಯರು ಆ ಸಂಗೀತದ ದೊಡ್ಡ ರಸಿಕರು. ರಷ್ಯಾದ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು. ಸಂಗೀತವನ್ನು ಪ್ರೀತಿಸುವುದು ಎಂದರೆ ಅದು. ಸಂಗೀತವನ್ನು ಬಟ್ಟೆ ತೂಗುಹಾಕುವ ಮೊಳೆ ಮಾಡಿಕೊಳ್ಳುವುದಲ್ಲ.

‘ಅಲಂಕಾರ ಬೇಡವೇನ್ರೀ? ನಮ್ಮ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಚೆಲುವನಾರಾಯಣನಿಗೇ ವೈರಮುಡಿ ತೊಡಿಸಲ್ಲವೆ?’ ಎಂದು ಒಬ್ಬರು ಕೇಳಿದರು. ಚೆನ್ನಾಗಿ ಕೇಳಿದರು. ವೈರಮುಡಿ ವರ್ಷಕ್ಕೊಂದು ರಾತ್ರಿ ಮಂಡ್ಯದ ಖಜಾನೆಯಿಂದ ಬಂದು ದೇವರ ತಲೆಯೇರಿ, ಮತ್ತೆ ಖಜಾನೆಗೆ ಮರಳುತ್ತದೆ. ಆ ರಾತ್ರಿ ಸ್ವಾಮಿ ಗರುಡನ ಮೇಲೆ ಸ್ಥಿರವಾಗಿ ಕೂತಿರುತ್ತಾನೆ, ಅವನು ಕುಣಿಯಬೇಕಾಗಿಲ್ಲ. ನೋಡಲೆಂದು ಬಂದವರು ಕಿರೀಟವನ್ನು ನೋಡಿ ಕೈಮುಗಿಯುತ್ತಾರೆ. ನೃತ್ಯಕ್ಕೆ ಬಂದವರು ಏನನ್ನು ನೋಡಬೇಕು?

ಭಾರದ ವೇಷ ತೊಟ್ಟು ಕುಣಿಯುವವರೂ ನಮ್ಮಲ್ಲಿದ್ದಾರೆ. ನಾಗಮಂಗಲದ ಸೀಮೆಯ ಮೂಡಲಪಾಯದವರ ಕಿರೀಟ, ಭುಜಕೀರ್ತಿ, ಎದೆಕಟ್ಟು ನೋಡಿ. ಕುಸುರಿ ಮಾಡಿದ ಹಗುರ ಮರ, ಮೇಲೆ ಬಣ್ಣದ ಕಾಗದ, ಕನ್ನಡಿ ಚೂರು. ಆ ಆಟಕ್ಕೆ ಬೇಕಾದ್ದು ರಭಸದ ಹೆಜ್ಜೆ, ಅಗಲವಾದ ಎದೆ, ಇರುಳಿನಲ್ಲಿ ದೂರಕ್ಕೆ ಕಾಣುವ ಮುಖ. ವೇಷ ಅದಕ್ಕೆ ತಕ್ಕಂತೆ ಬೆಳೆಯಿತು. ಮೊದಲು ಕುಣಿತ, ಆಮೇಲೆ ಬಟ್ಟೆ.

ಬ್ಯಾಲೆಯ ಚರಿತ್ರೆಯಲ್ಲೂ ಇದೇ ಪಾಠ. ಹದಿನೆಂಟನೆಯ ಶತಮಾನದಲ್ಲಿ ಮಾರಿ ಕಮಾರ್ಗೊ ಎಂಬ ಪ್ಯಾರಿಸ್ಸಿನ ನರ್ತಕಿ ತನ್ನ ಲಂಗವನ್ನು ಕಣಕಾಲಿನಿಂದ ಮೇಲಕ್ಕೆ ಗಿಡ್ಡ ಮಾಡಿಕೊಂಡಳು. ಆ ಕಾಲಕ್ಕೆ ದೊಡ್ಡ ಗುಲ್ಲೇ ಆಯಿತು. ಅವಳಿಗೆ ಬೇಕಾದ್ದು ಇಷ್ಟೇ, ತನ್ನ ಪಾದದ ಚಳಕ ಜನರಿಗೆ ಕಾಣಬೇಕು. ನಮ್ಮ ಭರತನಾಟ್ಯದ ಉಡುಪನ್ನು ಸಾವಿರಾರು ವರ್ಷ ಹಳೆಯದೆಂದು ತಿಳಿದವರಿದ್ದಾರೆ. ಈಗ ನಾವು ಹೊಲಿಯುವ ಬೀಸಣಿಗೆ ನೆರಿಗೆಯ ಉಡುಪು ರೂಪುಗೊಂಡದ್ದು 1930ರ ದಶಕದಲ್ಲಿ. ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾಳಿಂದ ಪ್ರೇರಣೆ ಪಡೆದ ರುಕ್ಮಿಣಿದೇವಿ ಅರುಂಡೇಲ್ 1935ರಲ್ಲಿ ರಂಗವೇರಿದರು; ಉಡುಪಿನ ವಿಷಯದಲ್ಲಿ ತಾವೇ ತಲೆಕೆಡಿಸಿಕೊಂಡರು, ಕಲಾಕ್ಷೇತ್ರದಲ್ಲಿ ಮಗ್ಗವನ್ನೂ ಹಾಕಿಸಿದರು. ಅರೆಮಂಡಿಗೆ ಕೂತಾಗ ಆ ನೆರಿಗೆ ತೆರೆದುಕೊಳ್ಳುತ್ತದೆ, ಎದ್ದಾಗ ಮುಚ್ಚಿಕೊಳ್ಳುತ್ತದೆ. ಹುಡುಗಿ ಸರಿಯಾಗಿ ಕೂರದಿದ್ದರೆ ನೆರಿಗೆಯೂ ಸರಿಯಾಗಿ ಬಿಚ್ಚದು. ಬಟ್ಟೆಯೇ ಅವಳ ತಪ್ಪನ್ನು ಹೇಳಿಬಿಡುತ್ತದೆ. ಒಳ್ಳೆಯ ಉಡುಪಿಗೆ ಇರಬೇಕಾದ ಪ್ರಾಮಾಣಿಕತೆ ಅದು. ಅಂದು ಬೆಂಗಳೂರಿನಿಂದ ಬಂದ ಗೌನು ಎಲ್ಲ ತಪ್ಪನ್ನೂ ಮುಚ್ಚಿತು, ಎಲ್ಲ ಕಲಿಕೆಯನ್ನೂ ಮುಚ್ಚಿತು.

‘ಅಮೆರಿಕದಲ್ಲಿ ಮಾಡ್ತಾರಲ್ಲ?’ ಎಂಬುದು ಇನ್ನೊಂದು ವಾದ. ನಿಜ. 1924ರಲ್ಲೇ ಪ್ಯಾರಿಸ್ಸಿನಲ್ಲಿ ಶನೆಲ್ ಎಂಬ ಪ್ರಸಿದ್ಧ ವಸ್ತ್ರ ವಿನ್ಯಾಸಕಿ ಒಂದು ಬ್ಯಾಲೆಗೆ ಉಡುಪು ಮಾಡಿದ್ದಳು. ನ್ಯೂಯಾರ್ಕ್ ಸಿಟಿ ಬ್ಯಾಲೆಯವರು 2012ರಲ್ಲಿ ಇಟಲಿಯ ವ್ಯಾಲೆಂಟಿನೋನಿಂದ ಉಡುಪು ಮಾಡಿಸಿದರು; ಆಮೇಲೆ ಬೇರೆ ಬೇರೆ ವಿನ್ಯಾಸಕಾರರೂ ಬಂದರು. ಆದರೆ ಅವರಿಗೆ ಸ್ವಂತ ಉಡುಪಿನ ಕಾರ್ಯಾಗಾರವಿದೆ, ಸ್ವಂತ ವಾದ್ಯವೃಂದವಿದೆ. ಅದೆಲ್ಲ ಇದ್ದಮೇಲೆ ಬಂದ ಹೂವು ಅದು. ನಾವು ಗಿಡ ನೆಡದೆ ಹೂವನ್ನು ಮಾತ್ರ ಬಾಡಿಗೆಗೆ ತಂದೆವು.

ವಾದ್ಯದ ಮಾತು ಬಂತು. ಬೇಲೂರಿನ ಮದನಿಕೆಯರನ್ನು ನೋಡಿದ್ದೀರಲ್ಲ? ಕುಣಿಯುವವಳ ಕಾಲ ಬಳಿ ಪುಟ್ಟ ಮದ್ದಳೆಯವನನ್ನು ಕೆತ್ತುವುದನ್ನು ಶಿಲ್ಪಿ ಮರೆತಿಲ್ಲ. ಕೆ.ಆರ್. ಪೇಟೆಯ ಮಗ್ಗುಲಲ್ಲೇ ಇರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಗೂ ಒಮ್ಮೆ ಹೋಗಿಬನ್ನಿ. ಆ ಮೂರ್ತಿಗಳ ಮೈತುಂಬ ಒಡವೆ, ಆದರೆ ಒಂದು ಒಡವೆಯೂ ಮೈಯ ಬಾಗನ್ನು ಮುಚ್ಚಿಲ್ಲ. ಕಲ್ಲಿನವಳಿಗೆ ಮದ್ದಳೆಯವನಿದ್ದ. ನಮ್ಮ ಜೀವಂತ ಹುಡುಗಿಗೆ ಸಿಕ್ಕಿದ್ದು ಒಂದು ಪೆನ್‌ಡ್ರೈವ್, ಎರಡು ಕಿರುಚುವ ಸ್ಪೀಕರು.

ಲೆಕ್ಕ ಹಾಕಿ. ಇಪ್ಪತ್ತೊಂದು ಗೌನಿಗೆ 1,57,500 ರೂಪಾಯಿ. ಒಂದು ಸಂಜೆ ತೊಟ್ಟ ಆ ಗೌನು ಮದುವೆಗೂ ಆಗದು, ಹಬ್ಬಕ್ಕೂ ಆಗದು. ಮಗು ಎರಡು ಅಂಗುಲ ಬೆಳೆದರೆ ಮುಗಿಯಿತು. ಚೈಕೋವ್‌ಸ್ಕಿಗೆ ಬೇಕಾದ ದೊಡ್ಡ ವಾದ್ಯವೃಂದವನ್ನು ನಾವು ಶ್ರೀರಂಗಪಟ್ಟಣಕ್ಕೆ ತರಲಾರೆವು, ಒಪ್ಪಿದೆ. ಹಾಗಾದರೆ ಧ್ವನಿಮುದ್ರಣಕ್ಕೇ ಕುಣಿಯಲಿ, ಬಿಳಿ ಹತ್ತಿಯ ಸರಳ ಉಡುಪಿನಲ್ಲಿ. ಇಲ್ಲವೆ ನಮ್ಮ ಕೈಗೆ ಎಟುಕುವುದನ್ನು ಮಾಡಲಿ. ಮೇಲುಕೋಟೆಯಲ್ಲಿ ಹುಟ್ಟಿದ ಪು.ತಿ.ನ. ಅವರ ‘ಗೋಕುಲ ನಿರ್ಗಮನ’ ಇದೆ. ಹಾಡಿ ಆಡಲೆಂದೇ ಬರೆದ ಗೇಯನಾಟಕ. ಅದಕ್ಕೆ ಒಬ್ಬರು ಹಾಡುವವರು, ಒಂದು ಮೃದಂಗ, ಒಂದು ಕೊಳಲು ಸಾಕು. ಗೊಲ್ಲರ ಹುಡುಗರಿಗೆ ಮೇಲುಕೋಟೆಯ ಪಂಚೆ, ಗೋಪಿಯರಿಗೆ ನಮ್ಮ ತಾಲ್ಲೂಕಿನ ಕೊಡಿಯಾಲದ ಮಗ್ಗದ ಸೀರೆ. ಆಟ ಮುಗಿದ ಮೇಲೆ ಪಂಚೆಯನ್ನು ಅಪ್ಪ ಉಡಬಹುದು, ಸೀರೆಯನ್ನು ಅಮ್ಮ ಉಡಬಹುದು. ದುಡ್ಡು ನೇಕಾರನಿಗೂ ಮೃದಂಗದವನಿಗೂ ಹೋಗುತ್ತದೆ. ಅವರಿಬ್ಬರೂ ನಮ್ಮ ನಡುವಿನವರು.

ತಾಯಂದಿರೇ, ಈ ವ್ಯವಹಾರ ನಡೆಯುವುದು ನಮ್ಮ ಪರ್ಸಿನಿಂದ. ಮೀಟಿಂಗಿನಲ್ಲಿ ತಲೆಯಾಡಿಸಿ ಬರುವವರೂ ನಾವೇ, ಮನೆಗೆ ಬಂದು ಗೊಣಗುವವರೂ ನಾವೇ. ಮುಂದಿನ ಸಲ ಮೂರು ಮಾತು ಕೇಳಿ. ಉಡುಪು ಹದಿನೈದು ದಿನ ಮುಂಚೆ ಬರುತ್ತದೆಯೆ, ಮಕ್ಕಳು ಅದನ್ನು ತೊಟ್ಟು ಅಭ್ಯಾಸ ಮಾಡುತ್ತಾರೆಯೆ? ಉಡುಪಿಗಿಟ್ಟ ದುಡ್ಡಿನ ಅರ್ಧವಾದರೂ ಸಂಗೀತಕ್ಕಿದೆಯೆ? ಬಟ್ಟೆಯ ಕಾರಣಕ್ಕೆ ಯಾವ ಮಗುವನ್ನಾದರೂ ಹೊರಗಿಟ್ಟಿದ್ದೀರಾ? ಕೊನೆಯ ಪ್ರಶ್ನೆಗೆ ಹೌದೆಂದರೆ, ನಿಮ್ಮ ಮಗು ಮೊದಲ ಸಾಲಿನಲ್ಲಿದ್ದರೂ ದುಡ್ಡು ಕಟ್ಟಬೇಡಿ.

ಆ ನಾಗಮಂಗಲದ ಹುಡುಗಿ ಸಂಕ್ರಾಂತಿಯ ಹೊತ್ತಿಗೆ ತಾಯಿಯ ರವಿಕೆ ಒಯ್ಯಲು ಬಂದಿದ್ದಳು. ಗುಂಡಿ ಹಚ್ಚುವುದು ಬಾಕಿಯಿತ್ತು, ಕೂರಿಸಿದೆ. ‘ಆ ಡ್ಯಾನ್ಸು ಇನ್ನೂ ನೆನಪಿದೆಯೇನೆ?’ ಎಂದೆ. ಮಿಷನ್ನುಗಳ ನಡುವಿನ ಗೇಣಗಲದ ಜಾಗದಲ್ಲಿ, ಸಮವಸ್ತ್ರದಲ್ಲೇ ಎದ್ದು ನಿಂತು, ಬಾಯಲ್ಲೇ ರಾಗ ಗುನುಗುತ್ತ ಎರಡೂ ಕೈ ಎತ್ತಿದಳು. ಪೂರ್ತಿ ಎತ್ತಿದಳು. ಸರ್ಕಾರಿ ಶಾಲೆಯ ಆ ನೀಲಿ ಅಂಗಿಯನ್ನು ಯಾವ ದರ್ಜಿ ಹೊಲಿದಿದ್ದನೋ, ಕಂಕುಳನ್ನು ಸರಿಯಾಗಿ ಕತ್ತರಿಸಿದ್ದ.

ಆದ್ದರಿಂದ ಉಡುಪು ಮನೆಗೆ ಬಂದ ಕೂಡಲೇ ಫೋಟೋ ತೆಗೆಯಬೇಡಿ. ಮಗುವಿಗೆ ತೊಡಿಸಿ, ‘ಕೈ ಎತ್ತು ಕಂದ’ ಎನ್ನಿ. ಏಳದಿದ್ದರೆ ವಾಪಸು ಕಳಿಸಿ.