ಕಾರಿಗೂ ನೆರಳು ಬೇಕು ಸ್ವಾಮಿ!

ಮೊನ್ನೆ ನಮ್ಮ ರಾಯಚೂರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಒಬ್ಬ ಡ್ರೈವರ್ ತನ್ನ ಗಾಡಿಯ ನೆತ್ತಿ ತೋರಿಸಿದ. ಬೆಳ್ಳಿ ಬಣ್ಣದ ಕಾರು. ಬಾಗಿಲುಗಳು ಈಗಲೂ ಹೊಳೆಯುತ್ತವೆ. ಟಾಪು, ಬಾನೆಟ್ಟು ಮಾತ್ರ ಕಾದ ಎಣ್ಣೆಗೆ ಬಿಟ್ಟ ಹಪ್ಪಳ! ಪೊರೆ ಎದ್ದು, ಬಿಳಿ ಬಿಳಿ ಚಕ್ಕೆಯಾಗಿ ಉದುರುತ್ತಿದೆ.

“ಇಂಜಿನ್ ಗಟ್ಟಿ ಐತ್ರಿ ಸರ. ಸಾಲಾನೂ ತೀರಿಸೀನಿ. ಮಾರಿ ಬ್ಯಾರೆ ಗಾಡಿ ತಗೊಳ್ಳೋಣ ಅಂದ್ರ, ಬಂದಾವ ಬರೇ ಟಾಪ್ ನೋಡಿ 40 ಸಾವಿರ ಕಡಿಮಿ ಕೇಳ್ತಾನ್ರಿ” ಅಂದ.

ಕಾರಿನವರ ಚಿಂತೆ ನಮಗೇಕೆ, ನಾವು ಬಸ್ಸಿಗೆ ಹೋಗೋರು ಅಂತ ಓದುಗರು ಪುಟ ಮಗುಚಬೇಡಿ. ಈ ಮನುಷ್ಯನಿಗೆ ಕಾರು ಶೋಕಿಯಲ್ಲ, ಅದೇ ಅವನ ಅಂಗಡಿ, ಅದೇ ಗಲ್ಲಾಪೆಟ್ಟಿಗೆ. ಅವನ 40 ಸಾವಿರ ತಿಂದದ್ದು ಯಾವುದು ಗೊತ್ತೆ? ಬಸ್ಸು ಕಾಯುವಾಗ ನೀವು ತಲೆ ಮೇಲೆ ಟವಲು ಹಾಕಿಕೊಳ್ಳುತ್ತೀರಲ್ಲ, ಅದೇ ಬಿಸಿಲು.

ಬಾಗಿಲು ಬಿಟ್ಟು ಟಾಪೇ ಯಾಕೆ ಮೊದಲು ಕೆಡಬೇಕು? ನಮ್ಮೂರು ಇರೋದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರ ನಡುಮಧ್ಯಾಹ್ನಕ್ಕೆ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬಂದು ಕೂಡುತ್ತಾನೆ. ಕಂಬದ ನೆರಳು ಕಂಬದ ಬುಡ ಬಿಟ್ಟು ಆಚೆ ಬೀಳೋದಿಲ್ಲ. ಬಿಸಿಲಿನ ಪೂರ್ತಿ ಹೊಡೆತ ಮಲಗಿದ ತಗಡಿಗೆ, ಅಂದರೆ ಟಾಪಿಗೆ, ಬಾನೆಟ್ಟಿಗೆ. ನಿಂತ ತಗಡು ಹೇಗೋ ಬಚಾವಾಗುತ್ತದೆ.

ಈಗಿನ ಕಾರಿನ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ಪ್ರೈಮರು, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂಥ ಒಂದು ಬಣ್ಣವಿಲ್ಲದ ಪೊರೆ. ಕ್ಲಿಯರ್ ಕೋಟ್ ಅನ್ನುತ್ತಾರೆ. ಎಲ್ಲ ಸೇರಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40–50 ಮೈಕ್ರಾನು, ತಲೆಗೂದಲಿಗಿಂತ ತೆಳು. ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿಕೊಳ್ಳೋ ಮದ್ದು ಬೆರೆತಿರೋದು ಈ ಪೊರೆಯಲ್ಲೇ. ಅದು ಸವೆದು ಸುಲಿಯಿತೋ, ಯಾವ ಪಾಲಿಶಿಗೂ ಜಗ್ಗೋದಿಲ್ಲ. ಉಜ್ಜಿ ತೆಗೆದು ಹೊಸದಾಗಿ ಹೊಡೆಸಬೇಕು, ಅಷ್ಟೆ.

ಹಾಗಿದ್ದ ಪೊರೆಯನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ ಅಂತ ಬೆಳಿಗ್ಗೆ 6 ಗಂಟೆಗೆ ಸ್ಟ್ಯಾಂಡಿಗೆ ಹೋಗಿ ನೋಡಿ. ಒಣ ಬಟ್ಟೆ ಹಿಡಿದು ಸರಸರ ಒರೆಸುವುದೇ ಒರೆಸುವುದು! ರಾತ್ರಿಯಿಡೀ ಕೂತ ಧೂಳು, ಮರಳು ಆ ಬಟ್ಟೆಯಲ್ಲಿ ಸಿಕ್ಕಿ ಉಪ್ಪುಕಾಗದದ ಕೆಲಸ ಮಾಡುತ್ತದೆ. ಇನ್ನು ಕೆಲವರು ಹೊಳಪು ಬರಲಿ ಅಂತ ಡೀಸೆಲ್ ಸವರುತ್ತಾರೆ. ಹೊಳಪು ಬರುತ್ತದೆ, ಊರ ಧೂಳೆಲ್ಲ ಬಂದು ಅಂಟುತ್ತದೆ, ಮರುದಿನ ಮತ್ತೆ ಒಣ ಬಟ್ಟೆ.

ಹಿಂದೆ ಅಂಬಾಸಿಡರ್ ಕಾಲದಲ್ಲಿ ಬಣ್ಣ ಮಾಸಿದರೆ ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕುತ್ತಿದ್ದರು. ಮೇಲಿನ ಸುಣ್ಣದಂಥ ಪುಡಿ ಹೋಗಿ ಕೆಳಗಿನ ಹೊಸ ಬಣ್ಣ ಕಾಣುತ್ತಿತ್ತು. ಆಗ ಮೇಲಿನಿಂದ ಕೆಳಗಿನವರೆಗೂ ಬಣ್ಣವೇ ಇತ್ತು, ನಡೆಯಿತು. ಈಗ ಹಾಗೆ ಪದೇ ಪದೇ ತಿಕ್ಕಿಸಿದರೆ ಕಾವಲು ಕಾಯೋ ಪೊರೆಯನ್ನೇ ಕೈಯಾರೆ ತೆಗೆಸಿದ ಹಾಗೆ. ಅದಕ್ಕೆ ದುಡ್ಡು ಬೇರೆ ಕೊಡುತ್ತೇವೆ!

ಖರ್ಚಿಲ್ಲದ ಉಪಾಯ ಉಂಟು. ಬಿಸಿಲೇರುವ ಮೊದಲೇ, ತಗಡು ತಣ್ಣಗಿದ್ದಾಗ ಮೊದಲು ಬರೀ ನೀರು ಸುರಿದು ಧೂಳು ಇಳಿಸಬೇಕು. ಆಮೇಲೆ ಮೆತ್ತನೆ ಬಟ್ಟೆ. ಪಾತ್ರೆ ತೊಳೆಯೋ ಸೋಪು ಬೇಡ, ಅದು ಹಚ್ಚಿದ ಮೇಣವನ್ನೂ ಎತ್ತಿಬಿಡುತ್ತದೆ. ನಮ್ಮ ಬೋರ್‌ವೆಲ್ ನೀರಿನ ಗುಣ ಮನೆಯ ಹೆಣ್ಣುಮಕ್ಕಳನ್ನು ಕೇಳಿ, ಕಾಯಿಸೋ ಪಾತ್ರೆಯ ತಳ ತೋರಿಸುತ್ತಾರೆ. ಅದೇ ಸುಣ್ಣ ಕಾರಿನ ಮೇಲೂ ಚುಕ್ಕೆಯಾಗಿ ಕೂಡುತ್ತದೆ. ಆದ್ದರಿಂದ ತೊಳೆದ ಕೂಡಲೇ ನೀರು ಒರೆಸಬೇಕು, ಬಿಸಿಲಿಗೆ ಒಣಗಲು ಬಿಡಬಾರದು.

ಹಕ್ಕಿ ಹಿಕ್ಕೆ ಬಿದ್ದರೆ ಸಂಜೆ ನೋಡೋಣ ಅನ್ನೋ ಹಾಗಿಲ್ಲ. ಅದರಲ್ಲಿ ಯೂರಿಕ್ ಆಮ್ಲ ಇದೆ. ಬಿಸಿಲಿಗೆ ಪೊರೆ ಮೆತ್ತಗಾಗಿ ಹಿಗ್ಗಿರುತ್ತದೆ, ಸಂಜೆ ತಣಿದಾಗ ಹಿಕ್ಕೆಯ ಸುತ್ತ ಬಿಗಿಯುತ್ತದೆ. ಕಲೆ ಕಾಯಂ. ಸೀಟಿನ ಕೆಳಗೆ ಒಂದು ಬಾಟಲಿ ನೀರು, ಒಂದು ಬಟ್ಟೆ ಇದ್ದರೆ ಸಾಕು. ನೆನೆಸಿ ತೆಗೆಯಬೇಕು, ಕೆರೆಯಬಾರದು.

ಮೇಣ ಒಳ್ಳೆಯದೇ. ಕಾರ್ನೌಬಾ ಅಂತ ಡಬ್ಬಿ ಮೇಲೆ ಬರೆದಿರುತ್ತದಲ್ಲ, ಅದು ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರದ ಎಲೆಯ ಮೇಣ. ಎಲೆಯ ನೀರು ಆರದಿರಲೆಂದು ಆ ಮರ ತಾನೇ ಹಚ್ಚಿಕೊಳ್ಳುವುದು. ನಮ್ಮ ಬಿಸಿಲಿಗೆ ಅದು ಕೆಲವು ವಾರ ತಡೆದೀತು, ಮತ್ತೆ ಹಚ್ಚಬೇಕು. ಸೆರಾಮಿಕ್ ಕೋಟಿಂಗ್ ಅಂತ ಸಾವಿರಗಟ್ಟಲೆ ಸುರಿಯೋರೂ ಇದ್ದಾರೆ. ನೀರು ಜಾರುತ್ತದೆ, ಕೊಳೆ ಬೇಗ ಹಿಡಿಯೋದಿಲ್ಲ, ಸುಳ್ಳಲ್ಲ. ಆದರೆ ಅದು ಛತ್ರಿಯಲ್ಲ. ದಿನಕ್ಕೆ 8 ತಾಸು ಬಯಲಲ್ಲಿ ನಿಲ್ಲೋ ಗಾಡಿಗೆ ಅದೊಂದನ್ನೇ ನಂಬಿ ಕೂತರೆ ಆಗದು. ಧೂಳು ಕೂತ ಕಾರಿಗೆ ಕವರ್ ಹಾಕಿ ಗಾಳಿಗೆ ಬಿಟ್ಟರಂತೂ ಅದು ಪಟಪಟ ಬಡಿದು ದಿನವಿಡೀ ಗೀರುತ್ತಲೇ ಇರುತ್ತದೆ.

ತಿರುಗಿ ತಿರುಗಿ ಮಾತು ನೆರಳಿಗೇ ಬರುತ್ತದೆ ನೋಡಿ. ಮೇ ಮಧ್ಯಾಹ್ನ ಗೋಡೆಯ ನೆರಳು ಇಲ್ಲವೇ ಇಲ್ಲ ಅಂತ ಆಗಲೇ ಹೇಳಿದೆ. ನೆತ್ತಿ ಮೇಲೆ ಮರ ಬೇಕು, ಇಲ್ಲವೆ ಚಪ್ಪರ ಬೇಕು. ಮರದ ಕೆಳಗೆ ಹಿಕ್ಕೆ ಬೀಳುತ್ತದೆ, ಹೂ ಬಿಟ್ಟ ಮಾವಿನ ಕೆಳಗೆ ಅಂಟು ಸುರಿಯುತ್ತದೆ, ಒಪ್ಪಿದೆ. ಹಿಕ್ಕೆ ಒಂದು ಚೊಂಬು ನೀರಿಗೆ ಹೋಗುತ್ತದೆ. ಬಿಸಿಲು ತಿಂದದ್ದು ಹೋಗುವುದೆ?

ಅಂಗಡಿಯ ಯಜಮಾನರೇ, ಸಿಟ್ಟಾಗಬೇಡಿ. ಬೋರ್ಡು ಕಾಣೋದಿಲ್ಲ ಅಂತ ಎದುರಿನ ಬೇವಿನ ಕೊಂಬೆ ಕಡಿಸೋರು ನಮ್ಮಲ್ಲೇ ಇದ್ದಾರೆ. ಮರ ಕಡಿಯಲು ಅನುಮತಿ ಬೇಕು ಅಂತ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯೇ ಹೇಳುತ್ತದೆ. ಕಾನೂನು ಹಾಗಿರಲಿ, ವ್ಯಾಪಾರದ ಲೆಕ್ಕವನ್ನೇ ನೋಡಿ. ಮೇ ತಿಂಗಳ 2 ಗಂಟೆಗೆ ಗಿರಾಕಿ ನಿಲ್ಲೋದು ಬೋರ್ಡಿನ ಮುಂದೋ, ನೆರಳಿನ ಕೆಳಗೋ? ಟ್ಯಾಕ್ಸಿ ಸ್ಟ್ಯಾಂಡಿಗೂ ಬಸ್ ಸ್ಟಾಪಿಗೂ ಸೇರಿಸಿ ಒಂದು ಸಾಲು ಹೊಂಗೆ, ಬೇವು ಹಾಕಿಸಿ ಅಂತ ನಗರಾಡಳಿತವನ್ನು ಕೇಳಲು ವ್ಯಾಪಾರಿಗಳೂ ಡ್ರೈವರುಗಳೂ ಒಟ್ಟಿಗೆ ಹೋಗಬೇಕು. ಗಿಡ ಬೆಳೆಯೋ ತನಕ, ಹಲವು ಊರುಗಳಲ್ಲಿ ಬೇಸಿಗೆಗೆ ಸಿಗ್ನಲ್ ಹತ್ತಿರ ಕಟ್ಟುತ್ತಾರಲ್ಲ, ಅಂಥ ಹಸಿರು ಪರದೆಯಾದರೂ ಕಟ್ಟಲಿ. ಗಿಡಕ್ಕೆ ನೀರು ಹಾಕುವ ಪಾಳಿಯನ್ನು ಸ್ಟ್ಯಾಂಡಿನವರೇ ವಹಿಸಿಕೊಳ್ಳಲಿ. ಹೇಗೂ ಕಾರು ತೊಳೆದ ನೀರು ಚರಂಡಿಗೆ ಹೋಗುತ್ತಿದೆ.

ಇಷ್ಟು ಮಾತಾಡೋ ಹೊತ್ತಿಗೆ ಸ್ಟ್ಯಾಂಡಿಗೆ ಇರೋ ಒಂದೇ ಬೇವಿನ ಮರದ ಕೆಳಗಿನ ಕಾರು ಬಾಡಿಗೆಗೆ ಹೊರಟಿತು. ನಮ್ಮ ಡ್ರೈವರ್ “ಬಂದೆ ಸರ” ಅಂತ ಓಡಿದ. ಅವನು ಗಾಡಿ ತಿರುಗಿಸಿ ತರೋದರೊಳಗೆ ಸೌತೆಕಾಯಿಯ ತಳ್ಳುಗಾಡಿ ಅಲ್ಲಿ ನಿಂತುಬಿಟ್ಟಿತ್ತು.