ನಟ್ ಬಿಗಿ ಮಾಡಿದ್ರ ಬ್ರೇಕ್ ಬರಾಂಗಿಲ್ಲ

ಈ ಸಲ ತೊಗರಿ, ಕಬ್ಬು ಬಿಟ್ಟು ಗಾಡಿ ಮಾತು. ನಮ್ಮ ಕಡೆ ಹಳೇ ಲೂನಾ, ಟಿವಿಎಸ್ 50 ಇನ್ನೂ ಓಡ್ತಾವ. ಓಡ್ಲಿ, ನನ್ನ ತಕರಾರು ಅದಕ್ಕಲ್ಲ. "ಹಳೇ ಗಾಡಿ ಬ್ರೇಕ್ ಹಿಂಗೇ ಇರ್ತದ ಬಿಡಪಾ" ಅಂತ ಚಪ್ಪಲಿ ನೆಲಕ್ಕ ಎಳಕೋತ ಗಾಡಿ ನಿಲ್ಲಿಸ್ತಾರಲ್ಲ, ತಕರಾರು ಆ ಮಾತಿನ ಮ್ಯಾಲ.

ಆ ಮಾತು ಸುಳ್ಳು. ಲೂನಾ 1972ರಾಗ ಪುಣೆಯ ಕೈನೆಟಿಕ್ ಕಂಪನಿ ತಂದದ್ದು, ಟಿವಿಎಸ್ 50 1980ರಾಗ ಹೊಸೂರಿನಿಂದ ಬಂದದ್ದು. ಇಬ್ಬರು ಕೂಡ್ಲಿ ಅಂತನೇ ಟಿವಿಎಸ್ 50 ಮಾಡಿದ್ರು. ಇಬ್ಬರನ್ನ ಹೊತ್ತು ನಿಲ್ಲುವಂಥಾ ಬ್ರೇಕ್ ಅದಕ್ಕ ಇತ್ತು. ಅದನ್ನ ಹಾಳು ಮಾಡಿದವರು ನಾವು. ಎರಡೂ ಕಡೆ ಹಾಲಿನ ಕ್ಯಾನ್, ಹಿಂದ ಕಣಿಕಿ ಹೊರೆ, ಮುಂದ ಹುಡುಗ. ತೂಕ ಎರಡು ಪಟ್ಟಾದ್ರ ಬ್ರೇಕಿಗೆ ಕೆಲಸ ಎರಡು ಪಟ್ಟು, ವೇಗ ಎರಡು ಪಟ್ಟಾದ್ರ ನಾಲ್ಕು ಪಟ್ಟು. ಟೂ ಸ್ಟ್ರೋಕ್ ಇಂಜಿನ್ ಆಕ್ಸಿಲೇಟರ್ ಬಿಟ್ರೂ ಗಾಡಿ ಹಿಡಿಯೂದು ಕಡಿಮಿ. ಇಳಕಲದಾಗ ಬ್ರೇಕೇ ಗತಿ.

ಗ್ಯಾರೇಜಿಗೆ ಒಯ್ದ್ರ ಏನ್ ಮಾಡ್ತಾರ? ಪಾನಾ ಹಚ್ಚಿ ನಟ್ ನಾಕು ಸುತ್ತು ಬಿಗಿ. ಇಪ್ಪತ್ತು ರೂಪಾಯಿ. ಎಂಟು ದಿನಕ್ಕ ಮತ್ತ ಸಡ್ಲ. ನಟ್ ಮುಗೀತು ಅಂದ್ರ ಹಬ್ ಮ್ಯಾಲಿನ ಬ್ರೇಕ್ ಆರ್ಮ್ ಬಿಚ್ಚಿ ಒಂದು ಹಲ್ಲು ಸರಿಸಿ ಹಾಕ್ತಾರ. ಇದು ರಿಪೇರಿ ಅಲ್ಲ, ಸವೆದ ಸೂ ಮುಚ್ಚಿಡೂದು. ಲೈನರ್ ತೀರ ತೆಳುವಾದ್ರ ಒಳಗಿನ ಕ್ಯಾಮ್ ಪೂರ್ತಿ ಹೊಳ್ಳಿ ಹಂಗೇ ಸಿಕ್ಕಿಬೀಳ್ತದ, ಗಾಲಿ ಜಾಮ್. ಮುಂದಿನ ಗಾಲಿ ಜಾಮ್ ಆದ್ರ ಹಾರಿ ಬೀಳೂದು ಯಾರು? ಮುಂದ ಕೂತ ಹುಡುಗ.

ಬ್ರೇಕ್ ಹಿಡೀಲಿಲ್ಲ ಅಂದ್ರ ಗಾಲಿ ಬಿಚ್ಚಬೇಕು. ಬ್ಯಾರೆ ದಾರಿ ಇಲ್ಲ. ಡ್ರಮ್ಮಿನಾಗಿನ ಧೂಳು ಬಾಯಿಲೆ ಊದಬ್ಯಾಡ್ರಿ, ಹಳೇ ಲೈನರಿನಾಗ ಆಸ್ಬೆಸ್ಟಾಸ್ ಇರ್ತಿತ್ತು, ಎದಿಗೆ ಕೆಟ್ಟದ್ದು. ಹಸಿ ಅರಿವೀಲೆ ಒರಸ್ರಿ. ಲೈನರ್ ಕನ್ನಡಿ ಹಂಗ ಹೊಳೀತಿದ್ರ ಅದಕ್ಕ ಹಿಡಿತ ಇಲ್ಲ, ಪಾಲಿಶ್ ಪೇಪರಿಲೆ ತಿಕ್ಕಿ ಮಬ್ಬು ಮಾಡ್ರಿ. ಬೇರಿಂಗಿನ ಗ್ರೀಸ್ ಕುಡಿದ ಸೂ ತೊಳೆದು ಮತ್ತ ಹಾಕಬ್ಯಾಡ್ರಿ, ಒಗೀರಿ. ಸೀಮೆಎಣ್ಣೀಲೆ ತೊಳೆಯೋರು ಅದಾರ. ಎಣ್ಣಿ ತೊಳೀಲಿಕ್ಕೆ ಎಣ್ಣಿ! ಹೊಸ ಸೂ ಜೋಡಿ ಅಂದ್ರ ಹೆಚ್ಚುಕಡಿಮೆ ಒಂದು ಚೀಲ ಯೂರಿಯಾ ರೊಕ್ಕ. ಯೂರಿಯಾಕ್ಕ ಬೆಳಿಗ್ಗೆ ಐದಕ್ಕ ಪಾಳಿ ಹಚ್ತೀವಿ, ಇದಕ್ಕ ಜೇಬಿನಾಗ ಕೈ ಹೋಗಂಗಿಲ್ಲ.

ಹೊಸ ಸೂ ಹಾಕಿದ ಮ್ಯಾಲೂ "ಹಿಡೀವಲ್ದು" ಅಂತಾರ. ಲೈನರ್ ಮ್ಯಾಲ ಸೀಮೆಸುಣ್ಣ ಎಳೀರಿ, ಗಾಲಿ ಹಾಕಿ ತಿರುಗಿಸಿ ಮೆಲ್ಲಕ ಬ್ರೇಕ್ ಹಿಡೀರಿ, ಬಿಚ್ಚಿ ನೋಡ್ರಿ. ಸುಣ್ಣ ಅಳಿಸಿದಷ್ಟೇ ಜಾಗ ಡ್ರಮ್ಮಿಗೆ ತಾಕ್ತದ. ಬರೇ ತುದಿ ತಾಕ್ತಿದ್ರ ಅಲ್ಲೇ ತುಸು ತಿಕ್ಕಬೇಕು, ಇಲ್ಲಾ ನಾಕು ದಿನ ಸಾವಕಾಶ ಓಡಿಸಿ ಕೂಡಿಸಬೇಕು. ಕ್ಯಾಮಿಗೆ ಬೆಂಕಿಕಡ್ಡಿ ತುದಿಯಷ್ಟು ಗ್ರೀಸ್, ಹೆಚ್ಚಿಗಿ ಬ್ಯಾಡ. ಬ್ರೇಕ್ ಹಿಡಿದಾಗ ಆರ್ಮಿಗೂ ವೈರಿಗೂ ಕಾಟಕೋನ ಬರಬೇಕು, ಆಗ ಕೈ ಜೋರು ಪೂರ್ತಿ ಮುಟ್ತದ. ವೈರಿನ ಒಂದೆರಡು ಎಳಿ ಕಡಿದಿದ್ರೂ ವೈರ್ ಬದಲಿ.

ಇನ್ನೊಂದು ಹಠ ಅದ: "ಮುಂದಿನ ಬ್ರೇಕ್ ಮುಟ್ಟಬಾರದು, ಪಲ್ಟಿ ಹೊಡೀತದ." ಹಂಗಂದು ಮುಂದಿನ ವೈರೇ ಕಿತ್ತು ಓಡಿಸೋರು ಅದಾರ. ಬ್ರೇಕ್ ಹಿಡಿದ್ರ ಭಾರ ಮುಂದಿನ ಗಾಲಿಗೆ ಬರ್ತದ, ಹಂಗಾಗಿ ಜಾಸ್ತಿ ನಿಲ್ಲಿಸೂದು ಮುಂದಿನದೇ. 2019ರ ಏಪ್ರಿಲ್‌ನಿಂದ 125 ಸಿಸಿ ತನಕದ ಹೊಸ ಗಾಡಿಗಳಿಗೆ ಎರಡೂ ಬ್ರೇಕ್ ಕೂಡೇ ಹಿಡಿಯೂ ವ್ಯವಸ್ಥಾ ಇಲ್ಲಾ ಎಬಿಎಸ್ ಇರಲೇಬೇಕು ಅಂತ ಸರಕಾರ ಸುಮ್ಮನೆ ಮಾಡಿಲ್ಲ. ನಮ್ಮ ಹಳೇ ಗಾಡಿಗೆ ಆ ಕೆಲಸ ಎರಡೂ ಕೈ ಮಾಡಬೇಕು. ಕೆಸರು, ಉಸುಕಿನಾಗ ಮಾತ್ರ ಮುಂದಿಂದು ಹಗೂರ.

ಕಬ್ಬಿನ ಹಂಗಾಮ ಶುರುವಾದ್ರ ಕತ್ತಲಾಗ ಹಿಂದ ಲೈಟಿಲ್ಲದ ಟ್ರ್ಯಾಲಿ ರಸ್ತೆದಾಗ ನಿಂತಿರ್ತಾವ. ಅದಕ್ಕಿಂತ ಮೊದಲ ಒಂದು ಐತವಾರ ಎರಡೂ ಗಾಲಿ ಬಿಚ್ಚಿ ನೋಡ್ರಿ. ಆಮ್ಯಾಲ ಖಾಲಿ ಗಾಡಿ, ಸಪಾಟ ಹಾದಿ, ಮೊದಲ ಹಿಂದಿಂದು, ಆಮ್ಯಾಲ ಮುಂದಿಂದು, ಒಂದೊಂದೇ ಹಿಡಿದು ನೋಡ್ರಿ. ಕಾಲು ಕೆಳಗ ಬಿಡಬ್ಯಾಡ್ರಿ.