ರಕ್ತ ಕೊಡುವ ಮುನ್ನ ಎರಡು ಪ್ರಶ್ನೆ ಕೇಳಿ

ಮನೆಯಲ್ಲಿ ಸೊಸೆ ಬಸುರಿ ಅಂತ ಗೊತ್ತಾದರೆ ಸಾಕು, ಸಲಹೆಗಳ ಸುರಿಮಳೆ. ಪಪ್ಪಾಯಿ ಮುಟ್ಟಬೇಡ, ಗ್ರಹಣದ ಹೊತ್ತಿಗೆ ಹೊರಗೆ ಬರಬೇಡ, ಕೇಸರಿ ಹಾಲು ಕುಡಿ. ಈಗ ಈ ಪಟ್ಟಿಗೆ ಇನ್ನೊಂದು ಸೇರಿಕೊಂಡಿದೆ: 'ಎನ್‌ಐಪಿಟಿ ಮಾಡಿಸಿದೆಯಾ? ನಮ್ಮ ಓರಗಿತ್ತಿ ಮಗಳಿಗೆ ಮಾಡಿಸಿದ್ರು.' ಅಮ್ಮನ ತೋಳಿನಿಂದ ಸ್ವಲ್ಪ ರಕ್ತ ತೆಗೆದು, ಹೊಟ್ಟೆಯಲ್ಲಿರುವ ಕೂಸಿಗೆ ಡೌನ್ ಸಿಂಡ್ರೋಮ್‌ನಂಥ ತೊಂದರೆ ಇರಬಹುದೇ ಎಂದು ಅಂದಾಜು ಮಾಡುವ ಪರೀಕ್ಷೆ ಇದು. ಒಳ್ಳೆಯದೇ. ಆದರೆ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅಂತ ತಿಳಿಯದೆ ಸಾವಿರಾರು ರೂಪಾಯಿ ತೆತ್ತು ತೋಳು ಚಾಚುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈ ಪರೀಕ್ಷೆ ಹುಟ್ಟಿದ ಕಥೆಯೇ ಸ್ವಾರಸ್ಯ. ಹಾಂಗ್‌ಕಾಂಗ್‌ನ ವೈದ್ಯ ವಿಜ್ಞಾನಿ ಡೆನ್ನಿಸ್ ಲೋ, ತಾಯಿಯ ರಕ್ತದಲ್ಲಿ ಮಗುವಿನ ಜೀವಕೋಶಗಳಿಗಾಗಿ ವರ್ಷಗಟ್ಟಲೆ ಹುಡುಕಿದ್ದರು. ಸಿಗುತ್ತಿದ್ದದ್ದು ತೀರಾ ಕಡಿಮೆ. 1996ರಲ್ಲಿ, ಕ್ಯಾನ್ಸರ್ ರೋಗಿಗಳ ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣ ತೆಗೆದ ಮೇಲೆ ಉಳಿಯುವ ತಿಳಿಯಲ್ಲಿ, ಗಡ್ಡೆಯ ಡಿಎನ್‌ಎ ಸಿಕ್ಕಿದೆ ಎಂಬ ವರದಿಗಳನ್ನು ಓದಿದರು. ಗಡ್ಡೆಯದು ಸಿಗುವುದಾದರೆ ಕೂಸಿನದು ಯಾಕೆ ಸಿಗಬಾರದು? ಪ್ಲಾಸ್ಮಾವನ್ನು ಸುಮ್ಮನೆ ಕುದಿಸಿ ನೋಡಿದರೆ ಹೇಗೆ ಎನ್ನುವ ಉಪಾಯ ಅವರಿಗೆ ಹೊಳೆದದ್ದು ಇನ್‌ಸ್ಟಂಟ್ ನೂಡಲ್ಸ್ ಬೇಯಿಸುವಾಗಲಂತೆ! ಅಡುಗೆಮನೆಯಲ್ಲೂ ವಿಜ್ಞಾನ ಹುಟ್ಟುತ್ತದೆ ನೋಡಿ.

1997ರಲ್ಲಿ ಫಲಿತಾಂಶ ಪ್ರಕಟವಾಯಿತು. ಗಂಡುಮಗು ಹೊತ್ತಿದ್ದ 30 ತಾಯಂದಿರ ಪೈಕಿ 24 ಮಂದಿಯ ಪ್ಲಾಸ್ಮಾದಲ್ಲಿ ವೈ ಕ್ರೋಮೋಸೋಮಿನ ತುಣುಕು ಸಿಕ್ಕಿತ್ತು. ಹೆಂಗಸರಲ್ಲಿ ವೈ ಇರುವುದಿಲ್ಲವಲ್ಲ, ಹಾಗಾಗಿ ಅದು ಮಗುವಿನದೇ. ಅದೇ ದಾರಿಯಲ್ಲಿ ಮುಂದುವರಿದು, 2011ರ ಹೊತ್ತಿಗೆ ಪರೀಕ್ಷೆ ಬಳಕೆಗೆ ಬಂತು. ಹತ್ತು ವಾರ ತುಂಬಿದ ಮೇಲೆ ಮಾಡಿಸಬಹುದು. ಇದರಿಂದ ಎಷ್ಟೋ ತಾಯಂದಿರಿಗೆ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಳ್ಳುವುದು ತಪ್ಪಿದೆ.

ಇದು ಸುಳಿವು, ತೀರ್ಪಲ್ಲ

ಡಾಕ್ಟರನ್ನು ಮೊದಲು ಕೇಳಬೇಕಾದ್ದು: 'ಈ ಪರೀಕ್ಷೆ ಏನೇನು ಹುಡುಕುತ್ತದೆ?' ಮುಖ್ಯವಾಗಿ 21, 18, 13ನೇ ಕ್ರೋಮೋಸೋಮುಗಳು ಎರಡರ ಬದಲು ಮೂರಿವೆಯೇ ಎಂದು. ಸೀಳುತುಟಿ, ಹೃದಯದ ರಂಧ್ರ, ಬೆನ್ನುಹುರಿಯ ದೋಷ ಇದರಲ್ಲಿ ಕಾಣುವುದಿಲ್ಲ. ಆದ್ದರಿಂದ ರಿಪೋರ್ಟ್ ಚೆನ್ನಾಗಿದೆ ಅಂತ ಐದನೇ ತಿಂಗಳ ಸ್ಕ್ಯಾನಿಂಗ್ ತಪ್ಪಿಸಬೇಡಿ.

ಎರಡನೆಯದು: 'ಸಂಶಯ ಅಂತ ಬಂದರೆ ಮುಂದೇನು?' ಪರೀಕ್ಷೆಗೆ ಸಿಗುವ ಡಿಎನ್‌ಎ ಬರುವುದು ಬಹುತೇಕ ಮಾಸಿನಿಂದ. ಮಾಸಿನಲ್ಲಿರುವ ದೋಷ ಕೂಸಿನಲ್ಲಿ ಇಲ್ಲದೆಯೂ ಇರಬಹುದು. ಅದರಲ್ಲೂ ಚಿಕ್ಕ ವಯಸ್ಸಿನ ತಾಯಂದಿರಲ್ಲಿ ತೊಂದರೆಯೇ ಅಪರೂಪವಾದ್ದರಿಂದ, ಸುಳ್ಳು ಎಚ್ಚರಿಕೆ ಬರುವ ಸಂಭವ ಹೆಚ್ಚು. ಗರ್ಭಜಲ ತೆಗೆದು ಪರೀಕ್ಷಿಸಿ ಖಚಿತಪಡಿಸಿಕೊಳ್ಳುವವರೆಗೆ ಯಾವ ನಿರ್ಧಾರಕ್ಕೂ ಬರಬೇಡಿ. ಆ ಪರೀಕ್ಷೆಯಲ್ಲಿ ಗರ್ಭಪಾತದ ಸಣ್ಣ ಅಪಾಯವಿದೆ; ಅದನ್ನೂ ಕೇಳಿ ತಿಳಿದುಕೊಳ್ಳಿ.

ಖಚಿತವಾದ ಮೇಲೆ? ಡೌನ್ ಸಿಂಡ್ರೋಮ್ ಇರುವ ಮಕ್ಕಳು ಶಾಲೆಗೆ ಹೋಗುತ್ತಾರೆ, ಕೆಲಸ ಕಲಿಯುತ್ತಾರೆ. ಅಂಥ ಮಗುವನ್ನು ಸಾಕುತ್ತಿರುವ ತಾಯಿಯೊಬ್ಬರ ಜತೆ ಮಾತಾಡಿ ನೋಡಿ. ಗರ್ಭ ಉಳಿಸಿಕೊಳ್ಳುವುದೋ ಬೇಡವೋ ಎಂಬುದು ಅತ್ತೆ, ನಾದಿನಿ ಕೂತು ತೀರ್ಮಾನಿಸುವ ವಿಷಯವಲ್ಲ. ವಯಸ್ಕ ಹೆಣ್ಣಿನ ಗರ್ಭಪಾತಕ್ಕೆ ಕಾನೂನು ಕೇಳುವುದು ಅವಳೊಬ್ಬಳ ಒಪ್ಪಿಗೆಯನ್ನು. ಗಂಡನ ಸಹಿ ಕಡ್ಡಾಯವಲ್ಲ. ಆದರೆ ಗಂಡ ಪಕ್ಕದಲ್ಲಿದ್ದರೆ ಎಷ್ಟು ಧೈರ್ಯ ಅಲ್ಲವೇ?

ಕೇಳಬಾರದ ಪ್ರಶ್ನೆ

'ಹೇಗೂ ಟೆಸ್ಟ್ ಮಾಡ್ತಾರೆ, ಗಂಡೋ ಹೆಣ್ಣೋ ಅಂತಾನೂ ಕೇಳಿಬಿಡು' ಅನ್ನುವ ಹಿರಿಯರಿದ್ದಾರೆ. ಲೋ ಅವರು ವೈ ಹುಡುಕಿದ್ದು ಆ ಡಿಎನ್‌ಎ ಮಗುವಿನದೆಂದು ಸಾಬೀತು ಮಾಡಲಿಕ್ಕೆ, ಹೆಣ್ಣನ್ನು ಅಳಿಸಲಿಕ್ಕಲ್ಲ. 1994ರ ಕಾಯ್ದೆಯ ಪ್ರಕಾರ ಲಿಂಗ ಹೇಳುವುದೂ ಅಪರಾಧ, ಅದಕ್ಕಾಗಿ ಪರೀಕ್ಷೆ ಮಾಡಿಸುವುದೂ ಅಪರಾಧ. ಮೂರು ವರ್ಷದವರೆಗೆ ಜೈಲು. ಒತ್ತಾಯ ಮಾಡಿದ್ದು ಗಂಡ ಅಥವಾ ಬೇರೆ ಸಂಬಂಧಿಕರೇ ಎಂದು ಕಾನೂನೇ ಮೊದಲು ಊಹಿಸುತ್ತದೆ. ಮನೆಯಲ್ಲಿ ಈ ಮಾತು ಎದ್ದರೆ ಇಷ್ಟು ಹೇಳಿ ನೋಡಿ, ತಾನಾಗಿ ತಣ್ಣಗಾಗುತ್ತದೆ!

ಕೊನೆಯದಾಗಿ ಒಂದು ಮಾತು. ಮಗುವಿಗೆ ತೊಂದರೆ ಅಂದ ಕೂಡಲೇ ಎಲ್ಲರ ಬೆರಳು ತಿರುಗುವುದು ಬಸುರಿಯ ಕಡೆಗೆ. 'ಏನು ತಿಂದಳೋ, ಗ್ರಹಣ ನೋಡಿದಳೋ' ಅಂತ. ಹೆಚ್ಚಿನ ಪಾಲು ಡೌನ್ ಸಿಂಡ್ರೋಮ್ ಬರುವುದು ಕೋಶ ಒಡೆಯುವಾಗ ಒಂದು ಕ್ರೋಮೋಸೋಮು ಬೇರ್ಪಡದೆ ಉಳಿದುಬಿಡುವುದರಿಂದ. ತಾಯಿಯ ವಯಸ್ಸು ಏರಿದಂತೆ ಅದರ ಸಂಭವ ಏರುತ್ತದೆ, ನಿಜ. ಆದರೆ ಅದು ಯಾರ ತಪ್ಪೂ ಅಲ್ಲ, ಯಾರ ಶಾಪವೂ ಅಲ್ಲ. ನೆರೆಮನೆಯ ಹುಡುಗಿ ರಿಪೋರ್ಟ್ ಹಿಡಿದು ಅಳುತ್ತಾ ಬಂದರೆ 'ಏನು ತಿಂದೆ' ಅಂತ ಕೇಳಬೇಡಿ. ಕೂರಿಸಿ, ಒಂದು ಲೋಟ ನೀರು ಕೊಟ್ಟು, 'ನಾಳೆ ಡಾಕ್ಟರ ಹತ್ತಿರ ನಾನೂ ಬರ್ತೀನಿ' ಅನ್ನಿ. ಅವಳಿಗೆ ಆಗ ಬೇಕಾಗಿರುವುದು ಅಷ್ಟೇ.